ಅತ್ತೆಯ ಕಿವಿಯೂ ಬಿಳಿ ಚಿಪ್ಪುಗಳೂ

ನಮ್ಮ ಅತ್ತೆ ಬದುಕಿನಲ್ಲಿ ಒಂದೇ ಒಂದು ಗುಂಡನ್ನೂ ಹಾರಿಸಿದವಳಲ್ಲ. ಆದರೆ ಬೆಟ್ಟದ ಕೆಳಗೆ, ತಮಿಳು ಮಾತಾಡುವ ಸೀಮೆಯ ಒಂದು ಪಿಸ್ತೂಲು ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ಅವಳ ಅಪ್ಪಣೆ ಇಲ್ಲದೆ ಒಂದು ಗುಂಡೂ ಹಾರಲಿಲ್ಲ ಎಂದರೆ ನೀವು ನಂಬಬೇಕು! ನಂಬಿಕೆ ಬಾರದಿದ್ದರೆ ಬೆಟ್ಟದ ಮೇಲಿನ ನಮ್ಮೂರು ತಾಳವಾಡಿಗೆ ಬಂದು ನೋಡಿ. ಬರುವಾಗ ಮಾತ್ರ ಗಾಜಿನ ಬಳೆ ತೊಟ್ಟು ಬರಬೇಡಿ, ಪಿಂಗಾಣಿ ಸಾಮಾನು ತರಬೇಡಿ. ಅತ್ತೆ ಅದನ್ನು ಬೆರಳಲ್ಲಿ ಮೀಟಿ, ಕಣ್ಣು ಮುಚ್ಚಿ, "ಇದು ಒಡ್ದದೆ" ಎಂದುಬಿಟ್ಟರೆ ಮುಗಿಯಿತು. ಮೂರು ದಿನದೊಳಗೆ ಅದು ಎರಡು ಹೋಳು. ಊರಿನವರು ಇದನ್ನು ಶಾಪ ಎನ್ನುತ್ತಾರೆ. ನಾನು ಕಿವಿ ಎನ್ನುತ್ತೇನೆ.

ಈಕೆ ನನ್ನ ಅಪ್ಪನ ಅಕ್ಕ. ಉಳುವವರ ಮನೆಯಲ್ಲಿ ಹುಟ್ಟಿ, ಬೆಳಗೆದ್ದು ಹಣೆಗೆ ವಿಭೂತಿ ಇಡದೆ ನೀರೂ ಕುಡಿಯದ ಹೆಂಗಸು. ಇಂಥವಳಿಗೂ ಪಿಸ್ತೂಲಿಗೂ ಏನು ನಂಟು ಎಂದು ಕೇಳುತ್ತೀರಾ? ನಂಟು ಮಾವನಿಂದ ಬಂದದ್ದು. ಮಾವ ಆ ಕ್ಲಬ್ಬಿನ ಕಾವಲುಗಾರನಾಗಿದ್ದ. ಜ್ವರ ಬಂದು ತೀರಿಕೊಂಡ. ಕ್ಲಬ್ಬಿನವರು ಮರುಗಿ, ಅತ್ತೆಯ ಕೈಗೆ ಒಂದು ಪೊರಕೆ ಕೊಟ್ಟು, ಮಾವನಿಗಿದ್ದ ಒಂದು ಕೋಣೆಯ ಮನೆಯನ್ನು ಹಾಗೆಯೇ ಬಿಟ್ಟುಕೊಟ್ಟರು. ಪಂದ್ಯಕ್ಕೆ ಅಭ್ಯಾಸ ಮಾಡುವವರು ಗುಂಡು ಹಾರಿಸಿ ಹೋದ ಮೇಲೆ ನೆಲ ಗುಡಿಸುವುದು, ಬಿದ್ದ ಖಾಲಿ ತೋಟಾಗಳನ್ನು ಆರಿಸಿ ಡಬ್ಬಕ್ಕೆ ಹಾಕುವುದು, ಇಷ್ಟೇ ಕೆಲಸ.

ಖಾಲಿ ತೋಟಾ ಎಂದರೆ ಗುಂಡು ಹಾರಿಹೋದ ಮೇಲೆ ಹಿಂದೆ ಉಳಿಯುವ ಲೋಹದ ಪುಟ್ಟ ಕೊಳವೆ. ಕ್ಲಬ್ಬಿನವರು ಅದನ್ನು ಕೇಸ್ ಎನ್ನುತ್ತಿದ್ದರು, ಅತ್ತೆ ಚಿಪ್ಪು ಎಂದಳು, ಕೊನೆಗೆ ಕ್ಲಬ್ಬಿನವರೂ ಚಿಪ್ಪು ಎನ್ನತೊಡಗಿದರು. ಈ ಚಿಪ್ಪನ್ನು ಬಿಸಾಡುವುದಿಲ್ಲ. ತೊಳೆದು, ನೋಡಿ, ಚೆನ್ನಾಗಿದ್ದರೆ ಮತ್ತೆ ಮದ್ದು ತುಂಬಿಸುತ್ತಾರೆ. ತುಂಬುವ ಕೆಲಸ ಪರವಾನಗಿ ಇದ್ದ ಕೋಚ್ ಒಬ್ಬರದು, ಅದೂ ಬೀಗದ ಕೋಣೆಯಲ್ಲಿ. ಆದರೆ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಎಂದು ಹೇಳುವವರು ಯಾರು? ಮೊದಮೊದಲು ಕೋಚ್ ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತಿದ್ದರಂತೆ. ಒಂದು ದಿನ ಅತ್ತೆ ಅವರು ಆರಿಸಿಟ್ಟಿದ್ದ ಚಿಪ್ಪುಗಳನ್ನು ಮುಷ್ಟಿಯಲ್ಲಿ ಹಿಡಿದು, ಕಿವಿಯ ಹತ್ತಿರ ಕುಲುಕಿ, "ಸಾರ್, ಇದ್ರಲ್ಲಿ ಒಂದು ಒಡ್ದೋಗದೆ" ಎಂದಳಂತೆ. ಹುಡುಕಿದರೆ ನಿಜಕ್ಕೂ ಒಂದರ ಬಾಯಲ್ಲಿ ಕೂದಲೆಳೆಯಷ್ಟು ಸೀಳು! ಗಟ್ಟಿ ಚಿಪ್ಪು ಗಣ್ ಎನ್ನುತ್ತದೆ, ಸೀಳಿದ್ದು ಟಕ್ ಎನ್ನುತ್ತದೆ. ಅವತ್ತಿನಿಂದ ಕೋಚ್ ಕನ್ನಡಕ ಮಡಿಚಿಟ್ಟರು.

ಚಿಪ್ಪಿನಲ್ಲಿ ಎರಡು ಜಾತಿ. ಬರೀ ಹಿತ್ತಾಳೆಯದು ಒಂದು. ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪ ಕೊಟ್ಟು ಬೆಳ್ಳಿಯಂತೆ ಮಿನುಗುವುದು ಇನ್ನೊಂದು. ಹಿತ್ತಾಳೆಯದು ಬೇಗ ಕಪ್ಪಾಗುತ್ತದೆ, ಆದರೆ ಬಹಳ ಸಲ ಬಾಳುತ್ತದೆ. ನಿಕ್ಕಲ್ಲಿನದು ಎಂದೂ ಮಾಸುವುದಿಲ್ಲ, ಆದರೆ ಕೆಲವು ಸಲ ತುಂಬಿ ಹಾರಿಸುವಷ್ಟರಲ್ಲಿ ಬಾಯಿ ಬಿಡುತ್ತದೆ.

"ಬೆಳ್ಳಗಿರೋವ್ಕೆ ಜಂಬ ಜಾಸ್ತಿ, ತಾಳ್ಮೆ ಕಮ್ಮಿ ಕಣ್ಲಾ" ಎಂದು ಅತ್ತೆ ನನಗೆ ಪಾಠ ಹೇಳುತ್ತಿದ್ದಳು. ಹೀಗೆ ಹೇಳುತ್ತಿದ್ದವಳ ಮುಖ ಇದ್ದಿಲಿನಷ್ಟು ಕಪ್ಪು. ಸೆರಗಿನಲ್ಲಿ ಮುಖ ಒರೆಸಿಕೊಂಡು, ತನ್ನ ಬಣ್ಣಕ್ಕೆ ತಾನೇ ಒಂದು ಸಲ ಹೆಮ್ಮೆಯಿಂದ ನಗುತ್ತಿದ್ದಳು.

ಆದರೂ ಬಿಳಿ ಚಿಪ್ಪಿನ ಮೇಲೇ ಅವಳಿಗೆ ಹೆಚ್ಚು ಮಮತೆ. "ಬಾಯಿ ಬಿಟ್ಟಾವು, ಬಿಸಾಡಿ" ಎಂದು ಯಾರಾದರೂ ಅಂದರೆ ಕಿಡಿಕಿಡಿಯಾಗುತ್ತಿದ್ದಳು. "ಬಾಯ್ ಬುಟ್ಟ ದಿನ ನಾನೇ ಯೋಳ್ತೀನಿ. ಬುಡ್ದೇ ಇರೋದ್ನ ಯಾಕ್ ಬಿಸಾಕನಾ?" ಎನ್ನುವುದು ಅವಳ ವಾದ. ಸೀಳಿದ್ದನ್ನು ಅವಳೇ ಸುತ್ತಿಗೆಯಿಂದ ಚಪ್ಪಟೆ ಮಾಡುತ್ತಿದ್ದಳು, ಮತ್ತೆ ಯಾರೂ ತುಂಬದ ಹಾಗೆ. ಸೀಳಿದ ಚಿಪ್ಪು ತಪ್ಪಿ ಪಿಸ್ತೂಲಿಗೆ ಹೋದರೆ ಹಾರಿಸುವವರ ಕೈಗೋ ಕಣ್ಣಿಗೋ ಏಟಾಗಬಹುದಲ್ಲ! ಅಷ್ಟು ವರ್ಷದಲ್ಲಿ ಒಬ್ಬರ ಬೆರಳೂ ತರಚಲಿಲ್ಲ. ಇದು ನಮ್ಮ ಅತ್ತೆಯ ಏಕೈಕ ಆಸ್ತಿ. ಈಗ ಈ ಮಾತು ಬರೆಯುವಾಗಲೂ ನನ್ನ ಎದೆ ಒಂದಿಷ್ಟು ಉಬ್ಬಿದೆ, ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಈ ಕಿವಿಯ ವಿದ್ಯೆ ಕ್ಲಬ್ಬಿನ ಗೇಟಿನೊಳಗೆ ಉಳಿದಿದ್ದರೆ ನಮ್ಮ ಪಾಡಿಗೆ ನಾವಿರುತ್ತಿದ್ದೆವು. ಉಳಿಯಬೇಕಲ್ಲ? ಊರಿಗೆ ಬರುವ ಬಸ್ಸು ಘಾಟಿಯ ತಿರುವೆಲ್ಲ ಹತ್ತಿ ದಿಂಬಂನಲ್ಲಿ ನಿಂತರೆ ಜನ ಟೀ ಕುಡಿಯಲು ಇಳಿಯುತ್ತಾರೆ, ಅತ್ತೆ ಗಾಜಿನ ಲೋಟ ಪರೀಕ್ಷಿಸಲು ಇಳಿಯುತ್ತಾಳೆ. ಒಂದೊಂದನ್ನೇ ಮೀಟಿ, "ಇದು ಬ್ಯಾಡ, ಇದೂ ಬ್ಯಾಡ, ಇದ್ರಲ್ಲಿ ಕುಡುದ್ರೆ ತುಟಿ ಕುಯ್ದೋದದು" ಎಂದು ಸಾಲಾಗಿ ಪಕ್ಕಕ್ಕಿಡುತ್ತಾಳೆ. ಹಿಂದೆ ನಿಂತವರು ತಮ್ಮ ಲೋಟವನ್ನೂ ಗುಮಾನಿಯಿಂದ ನೋಡತೊಡಗುತ್ತಾರೆ. ಟೀ ಅಂಗಡಿಯವನು ಬಸ್ಸಿನ ಕಿಟಕಿಯಲ್ಲಿ ಅತ್ತೆಯ ತಲೆ ಕಂಡರೆ ಸಾಕು, ಅರ್ಧ ಲೋಟಗಳನ್ನು ಹಲಗೆಯ ಕೆಳಗೆ ಅಡಗಿಸುತ್ತಾನೆ.

ನನಗೆ ಹೆಣ್ಣು ನೋಡಲು ಗುಮಟಾಪುರಕ್ಕೆ ಹೋದಾಗಲೂ ಇದೇ ಆಯಿತು. ಹಬ್ಬಕ್ಕೆಂದು ತೆಗೆದಿಟ್ಟಿದ್ದ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟರು. ಎಲ್ಲರೂ ಹುಡುಗಿ ಬರುವ ಬಾಗಿಲನ್ನು ನೋಡುತ್ತಿದ್ದರೆ ಅತ್ತೆ ನನ್ನ ಕಪ್ಪನ್ನು ಕಸಿದು ಮೀಟಿ, "ಒಡ್ದದೆ" ಎಂದಳು. ಹುಡುಗಿಯ ಅಪ್ಪನ ಮುಖ ಬಿಳುಪೇರಿತು. ಮದುವೆ ಮಾತಿನ ಮನೆಯಲ್ಲಿ ಒಡೆದ ಮಾತಾಡುವುದೇ? ನಮ್ಮಪ್ಪ ನೆಲ ನೋಡುತ್ತಾ ಕೂತರು. ಆಗ ಬಾಗಿಲ ಮರೆಯಿಂದ ಹುಡುಗಿಯ ದನಿ ಬಂತು: "ನಾ ಆಗ್ಲೇ ಯೋಳ್ನಿಲ್ವಾ ಅಪ್ಪಯ್ಯ, ಆ ಕಪ್ಪು ಬ್ಯಾಡ ಅಂತ!"

ಅತ್ತೆ ಕಪ್ಪನ್ನು ಕೆಳಗಿಟ್ಟು, "ಈ ಕೂಸು ನಮ್ಗಾಯ್ತದೆ" ಎಂದಳು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ನನ್ನನ್ನು ಯಾರೂ ಕೇಳಲೇ ಇಲ್ಲ.

ಇನ್ನು ಜೋಳದ ಬೆಂಡಿನ ಕಥೆ. ಚಿಪ್ಪುಗಳ ಮಸಿ ತೆಗೆಯಲು ಕ್ಲಬ್ಬಿನಲ್ಲಿ ಒಂದು ತಿರುಗುವ ಡಬ್ಬವಿದೆ. ಅದರೊಳಗೆ ಚಿಪ್ಪುಗಳ ಜೊತೆ ಒಣಗಿದ ಪುಡಿಯೊಂದನ್ನು ಹಾಕಿ ತಾಸುಗಟ್ಟಲೆ ತಿರುಗಿಸುತ್ತಾರೆ. ಆ ಪುಡಿ ಬಹಳ ದೂರದಿಂದ ಪೊಟ್ಟಣದಲ್ಲಿ ಬರುತ್ತಿತ್ತು. ಅತ್ತೆ ಒಂದು ದಿನ ಅದನ್ನು ಮೂಸಿ ನೋಡಿ ಪಕಪಕ ನಕ್ಕಳು. ಅದು ಕಾಳು ಬಿಡಿಸಿದ ಮುಸುಕಿನ ಜೋಳದ ಬೆಂಡು! ನಮ್ಮ ತಾಳವಾಡಿಯ ಹೊಲಗಳಲ್ಲಿ ಒಲೆಗೆ ಹಾಕಿ ಉರಿಸಿದರೂ ಮುಗಿಯದಷ್ಟು ಬಿದ್ದಿರುವ ಬೆಂಡು. ಮುಂದಿನ ಸುಗ್ಗಿಯಿಂದ ನಮ್ಮ ಮನೆಯ ಒರಳಿನಲ್ಲಿ ಬೆಂಡು ಕುಟ್ಟಿ, ಜರಡಿ ಹಿಡಿದು, ಮೂಟೆ ಕಟ್ಟಿ ಬಸ್ಸಿನಲ್ಲಿ ಒಯ್ಯತೊಡಗಿದಳು. ದೊಡ್ಡ ತುಣುಕು ಚಿಪ್ಪಿನೊಳಗೆ ಸಿಕ್ಕಿಕೊಳ್ಳುತ್ತದೆಂದು ರಾಗಿಹಿಟ್ಟಿಗೂ ಮಾಡದಷ್ಟು ನಾಜೂಕಿನಿಂದ ಜರಡಿ ಹಿಡಿಯುತ್ತಿದ್ದಳು.

ಕಾಡಿನ ಚೆಕ್‌ಪೋಸ್ಟಿನಲ್ಲಿ ಹೊಸ ಗಾರ್ಡೊಬ್ಬ ಬಸ್ಸು ಹತ್ತಿ, "ಮೂಟೆಲೇನಮ್ಮಾ?" ಎಂದ. ಬೆಂಡಿನ ಪುಡಿ ಎಂದಿದ್ದರೆ ಆಗುತ್ತಿತ್ತು. ಅತ್ತೆಗೆ ತನ್ನ ಉದ್ಯೋಗದ ಹೆಮ್ಮೆ! "ಪಿಸ್ತೂಲ್ ತೋಟಾಕೆ ಸ್ನಾನ ಮಾಡ್ಸೋ ಪುಡಿ ಕಣಪ್ಪ" ಎಂದಳು. ಬಸ್ಸು ಒಂದು ಗಂಟೆ ನಿಂತಿತು. ಮೂಟೆ ಬಿಚ್ಚಿ, ಕೆದಕಿ, ಮೂಸಿ, ಮೇಲಿನವರಿಗೆ ಫೋನು ಮಾಡಿದರು. ಕೊನೆಗೆ ಗಾರ್ಡಿನ ತಲೆ, ಮೀಸೆ, ಟೋಪಿಯೆಲ್ಲ ಜೋಳದ ಪುಡಿ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಈಗ ಒಂದ್ ಗಂಟೆ ತಿರುಗ್ಸಿದ್ರೆ ನೀನೂ ಪಳಪಳ ಅಂತೀಯ" ಎಂದಳು.

ನಮ್ಮವ್ವ ಇನ್ನೊಂದು ಅವಾಂತರ ಮಾಡಿದಳು. ಒಂದು ಆಯುಧಪೂಜೆಗೆ ಅತ್ತೆಯ ಮನೆಗೆಂದು ಕ್ಲಬ್ಬಿಗೆ ಹೋಗಿದ್ದವಳು, ಅತ್ತೆ ಹೂವು ತರಲು ಹೋದಾಗ ಸಹಾಯ ಮಾಡೋಣವೆಂದು ಕೂತಳು. ಹಬ್ಬದ ದಿನ ಹಿತ್ತಾಳೆ ಸಾಮಾನಿಗೆ ನಾವು ಏನು ಮಾಡುತ್ತೇವೆ? ಹುಣಸೆಹಣ್ಣು, ಬೂದಿ! ಇನ್ನೂರು ಬಿಳಿ ಚಿಪ್ಪನ್ನು ಹುಣಸೆ ಹುಳಿಯಲ್ಲಿ ನೆನೆಹಾಕಿ, ಬೂದಿ ಹಚ್ಚಿ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿದಳು. ಅಷ್ಟಕ್ಕೇ ಬಿಡದೆ ಒಂದೊಂದಕ್ಕೂ ಮೂರು ಗೆರೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸಾಲಾಗಿ ನಿಲ್ಲಿಸಿದಳು. ಅತ್ತೆ ಬಂದು ನೋಡಿದರೆ ನಿಕ್ಕಲ್ ಅಲ್ಲಲ್ಲಿ ಕಿತ್ತು ಒಳಗಿನ ಹಳದಿ ಇಣುಕುತ್ತಿದೆ. ಕೋಚ್ ಮಾತ್ರ ಕೈ ಮುಗಿದು, "ಇದನ್ನು ತುಂಬಿ ಹಾರಿಸಿದರೆ ನೇರ ಕೈಲಾಸಕ್ಕೇ ಹೋಗುತ್ತೆ" ಎಂದರಂತೆ. ಅತ್ತೆ ಎರಡು ದಿನ ನಮ್ಮವ್ವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಲೇಪ ಕಿತ್ತ ಚಿಪ್ಪುಗಳನ್ನೆಲ್ಲ ಸುತ್ತಿಗೆಗೆ ಕೊಟ್ಟು, ಒಬ್ಬಟ್ಟು ಮಾಡಿಸಿಕೊಂಡು ತಿಂದು ರಾಜಿಯಾದಳು.

ನಾನು ಇದನ್ನೆಲ್ಲ ಇಷ್ಟು ಹತ್ತಿರದಿಂದ ಬಲ್ಲೆನೇಕೆ? ಆರನೇ ಕ್ಲಾಸಿನಿಂದ ಡಿಗ್ರಿ ಮುಗಿಯುವ ತನಕ ನಾನು ಓದಿದ್ದು ಅತ್ತೆಯ ಆ ಒಂದು ಕೋಣೆಯಲ್ಲಿ. ಗೋಡೆಯ ಆಚೆಗೇ ಗುಂಡು ಹಾರಿಸುವ ಸಾಲು. ಬೆಳಗ್ಗೆ ಸಂಜೆ ಢಂ ಢಂ! ಶಬ್ದ ತಡೆಯಲು ಕಿವಿಗೆ ಹಾಕುವ ದಪ್ಪ ಮುಚ್ಚಳದ ಜೋಡಿಯೊಂದನ್ನು ಕ್ಲಬ್ಬಿನವರು ಅತ್ತೆಗೆ ಕೊಟ್ಟಿದ್ದರು. ಅದನ್ನು ಅವಳು ನನ್ನ ತಲೆಗೆ ತೊಡಿಸಿದಳು. ಓದುವಾಗ ತೊಡಬೇಕು, ಉಣ್ಣುವಾಗ ತೊಡಬೇಕು, ಬಚ್ಚಲಿಗೆ ಹೋಗುವಾಗಲೂ ತೊಡಬೇಕು. ಎರಡು ತೆಂಗಿನ ಚಿಪ್ಪು ಕಟ್ಟಿಕೊಂಡಂತಿದ್ದ ನನ್ನನ್ನು ಕಂಡು ಅಭ್ಯಾಸಕ್ಕೆ ಬಂದವರೆಲ್ಲ ನಗುತ್ತಿದ್ದರು. ತೆಗೆದರೆ ಬೆನ್ನಿಗೆ ಗುದ್ದು. "ನೀನ್ಯಾಕ್ ಆಕಳಾಕಿಲ್ಲ?" ಎಂದು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದೆ. "ನಾ ಆಕಂಡ್ರೆ ಚಿಪ್ಪು ಮಾತಾಡದು ಎಂಗ್ ಕೇಳ್ತದ್ಲಾ ದಡ್ಡ!" ಎಂದಿದ್ದಳು. ಸರಿ, ಅವಳ ಹುಚ್ಚು ಅವಳಿಗೆ ಎಂದುಕೊಂಡೆ.

ಈಗ ನಾನು ತಾಳಮಲೆಯ ಶಾಲೆಯಲ್ಲಿ ಮೇಷ್ಟ್ರು. ಹಿಂದಿನ ಬೆಂಚಿನವರು ಪೆನ್ಸಿಲ್ ಕಚ್ಚಿದರೂ ನನಗೆ ಕೇಳಿಸುತ್ತದೆ. ಕಾಡಿನ ಅಂಚಿನಲ್ಲಿ ಆನೆ ಕೊಂಬೆ ಮುರಿದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವನು ನಾನೇ. "ಎಲ್ಲಾ ನಮ್ಮತ್ತೆಯ ರಕ್ತ" ಎಂದು ಹತ್ತಾರು ಕಡೆ ಜಂಬ ಕೊಚ್ಚಿಕೊಂಡಿದ್ದೇನೆ.

ಈಚೆಗೆ ಕ್ಲಬ್ಬಿಗೆ ಹೊಸ ಕಾರ್ಯದರ್ಶಿ ಬಂದರು. ಓದಿದವರು, ಒಳ್ಳೆಯವರೇ. ಫೋನಿಗೆ ಸಿಕ್ಕಿಸುವ ಒಂದು ಭೂತಗನ್ನಡಿ ತಂದಿದ್ದರು. ಚಿಪ್ಪಿನ ಬಾಯಿ ಅದರಲ್ಲಿ ಬಾವಿಯ ಕಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. "ಅಮ್ಮಾ, ಕಿವಿಯನ್ನು ನಂಬಿ ಜನರ ಕೈಗೆ ತೋಟಾ ಕೊಡಲು ನನಗೆ ಧೈರ್ಯವಿಲ್ಲ. ಬಿಳಿ ಚಿಪ್ಪನ್ನು ಒಂದು ಸಲ ಹಾರಿಸಿದ ಮೇಲೆ ಬಿಸಾಡಿಬಿಡೋಣ. ನೀವೂ ಇನ್ನು ವಿಶ್ರಾಂತಿ ತಗೊಳ್ಳಿ" ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದರಂತೆ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಪರೀಕ್ಷೆ ಇಡಿ. ಸೋತ್ರೆ ಇವತ್ತೇ ಓಯ್ತೀನಿ" ಎಂದಳು.

ಬೆಂಡಿನ ಮೂಟೆ ಮುಟ್ಟಿಸಲು ಹೋಗಿದ್ದ ನಾನು ಆ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಸಿಕ್ಕಿಬಿದ್ದೆ. ಕಾರ್ಯದರ್ಶಿ ಇಪ್ಪತ್ತು ಬಿಳಿ ಚಿಪ್ಪುಗಳನ್ನು ಮೇಜಿನ ಮೇಲಿಟ್ಟರು. ಭೂತಗನ್ನಡಿಯಲ್ಲಿ ನೋಡಿ ಅದರಲ್ಲಿ ಒಂದೇ ಒಂದು ಸೀಳಿದ್ದನ್ನು ಬೆರೆಸಿದ್ದರು. ಸದಸ್ಯರೆಲ್ಲ ಸುತ್ತ ನಿಂತರು. ಇಪ್ಪತ್ತಾರು ವರ್ಷದ ಹೆಸರು ಇಪ್ಪತ್ತು ಚಿಪ್ಪಿನ ಮೇಲೆ ನಿಂತಿದೆ! ಇವಳು ತಪ್ಪಿದರೆ? ಈ ವಯಸ್ಸಿನಲ್ಲಿ ತಲೆ ತಗ್ಗಿಸಿ ಗೇಟು ದಾಟುವುದನ್ನು ನಾನು ಹೇಗೆ ನೋಡಲಿ?

ಅತ್ತೆ ನಾಲ್ಕು ನಾಲ್ಕೇ ಚಿಪ್ಪು ಮುಷ್ಟಿಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಕಿವಿಯ ಬಳಿ ಕುಲುಕಿದಳು. ತಲೆದೂಗಿದಳು. ಮತ್ತೆ ಕುಲುಕಿದಳು. ಮುಷ್ಟಿಯೊಳಗೆ ಅವಳ ಹೆಬ್ಬೆರಳು ಜಪಕ್ಕೆ ಕೂತವರ ಬೆರಳಿನಂತೆ ಆಡುತ್ತಿತ್ತು. ಕೊನೆಗೆ ಎರಡು ಚಿಪ್ಪು ಎತ್ತಿ ಕಾರ್ಯದರ್ಶಿಯ ಮುಂದಿಟ್ಟಳು.

"ಒಂದೇ ಅಮ್ಮಾ, ಸೀಳಿದ್ದು ಒಂದೇ" ಎಂದರು ಕಾರ್ಯದರ್ಶಿ, ಬೇಸರದಿಂದ.

"ಎಲ್ಡು" ಎಂದಳು ಅತ್ತೆ.

ಅವರು ಎರಡನೆಯದನ್ನು ಭೂತಗನ್ನಡಿಗೆ ಹಿಡಿದರು. ತಿರುಗಿಸಿದರು. ಒರೆಸಿ ಮತ್ತೆ ಹಿಡಿದರು. ಬಾಯಿಯ ಒಳಮಗ್ಗುಲಲ್ಲಿ, ಲೇಪದ ಹೊಳಪಿನಲ್ಲಿ ಕಣ್ಣು ತಪ್ಪಿಸಿ, ಇರುವೆಯ ಕಾಲಿನಷ್ಟು ಸೀಳು! ಅವರು ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. ಸದಸ್ಯರು ಚಪ್ಪಾಳೆ ತಟ್ಟಿದ ಸದ್ದಿಗೆ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ನಾನು ಕೂಗಿದ್ದಕ್ಕೆ ನನ್ನ ಗಂಟಲು ಎರಡು ದಿನ ಕಟ್ಟಿತ್ತು.

ಚಪ್ಪಾಳೆ ಮುಗಿಯುವಷ್ಟರಲ್ಲಿ ಅತ್ತೆ ಸೊಂಟದಿಂದ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಇನ್ ಮೇಲೆ ಕನ್ನಡೀಲೇ ನೋಡ್ಕಳಿ ಸಾರ್. ಸೆಂದಾಗ್ ಕಾಣ್ತದೆ. ಒಳಮಗ್ಗುಲೂ ನೋಡ್ರಿ. ನಾ ಊರಿಗೋಯ್ತೀನಿ" ಎಂದಳು. ಎಲ್ಲರೂ ಬೇಡಿಕೊಂಡರು, ಕಾರ್ಯದರ್ಶಿಯೂ ಬೇಡಿಕೊಂಡರು. ಅವಳು ಪೆಟ್ಟಿಗೆ ಕಟ್ಟಿದಳು. ಗೆದ್ದ ಮೇಲೆ ಯಾರಾದರೂ ಕೆಲಸ ಬಿಡುತ್ತಾರೆಯೇ? ನನಗಂತೂ ಅರ್ಥವಾಗಲಿಲ್ಲ.

ದಿಂಬಂನಲ್ಲಿ ಬಸ್ಸು ನಿಂತಿತು. ಅತ್ತೆ ಮುಂದೆ ಇಳಿದು ಟೀ ಅಂಗಡಿಯ ಕಡೆ ನಡೆದಳು. ನಾನು ಹಿಂದಿನಿಂದ, "ಅತ್ತೆ, ಸಕ್ಕರೆ ಆಕ್ಸ್ಲಾ?" ಎಂದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲ ಕೂಗಿದ್ದಕ್ಕೆ ಬಸ್ಸಿನಲ್ಲಿ ಕೂತಿದ್ದವರೂ ತಿರುಗಿದರು, ಅತ್ತೆ ತಿರುಗಲಿಲ್ಲ. ಮುಂದೆ ಹೋಗಿ ಎದುರಿಗೆ ನಿಂತೆ. ಅವಳು ನನ್ನ ಕಣ್ಣನ್ನು ನೋಡಲಿಲ್ಲ, ತುಟಿಯನ್ನೇ ನೋಡುತ್ತಿದ್ದಳು. ಫೋನು ಮಾಡಿದಾಗೆಲ್ಲ "ನಿನ್ ಫೋನು ಒಡ್ದದೆ, ಊರಿಗ್ ಬಂದಾಗ ಮಾತಾಡನ ಇಡು" ಎನ್ನುತ್ತಿದ್ದುದು ಆಗ ನೆನಪಾಯಿತು.

"ಯಾವಾಗಿಂದ ಅತ್ತೆ?"

"ನಾಕ್ ವರ್ಸಾಯ್ತು ಕಣ್ಲಾ" ಎಂದಳು, ಏನೋ ಲೋಟ ಒಡೆದು ಸಿಕ್ಕಿಬಿದ್ದವಳ ಹಾಗೆ.

"ಮತ್ತೆ ಇವತ್ತು ಎಲ್ಡೂ ಇಡ್ದಲ್ಲಾ?"

ಅವಳು ಹೆಬ್ಬೆರಳು ಎತ್ತಿ ತೋರಿಸಿದಳು. "ಉಗ್ರು. ಬಾಯ್ ಮೇಲೆ ಆಡ್ಸಿದ್ರೆ ಸೀಳು ಸಿಕ್ಕತದೆ. ಒಳಗೂ ಸಿಕ್ಕತದೆ."

"ಅಂಗಾದ್ರೆ ಕಿವಿ ತಾವ್ ಇಟ್ಕಂಡು ಕುಲುಕದು ಯಾಕೆ?"

"ಕುಲುಕ್ದೇ ಇದ್ರೆ ಅವ್ರು ನಂಬ್ತಿದ್ರಾ?"

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ, "ಉಗ್ರು ನಂಬ್ಕಂಡು ಬಾಳ ದಿನ ಮಾಡ್ಬಾರ್ದು ಕಣ್ಲಾ. ನಾಳೆ ಇದೂ ಕೈ ಕೊಟ್ರೆ? ಯಾರದೋ ಮೊಗಿನ ಕೈಗೆ ಏಟಾದ್ರೆ?" ಎಂದಳು. ಡಾಕ್ಟರಿಗೆ ತೋರಿಸಿದ್ದಳಂತೆ. ಅಷ್ಟು ವರ್ಷ ಬರಿಗಿವಿಯಲ್ಲಿ ಗುಂಡಿನ ಸದ್ದು ಕೇಳಿದ್ದರಿಂದ ಹೀಗಾಗಿದೆ, ಇನ್ನು ಬರುವುದಿಲ್ಲ ಎಂದರಂತೆ.

ನನಗೆ ಸಿಟ್ಟು ಬಂತು. "ಕಿವಿಗಾಕಳಾಕೆ ಕೊಟ್ಟಿದ್ರಲ್ಲಾ, ಅದ..." ಎಂದವನು ಅಲ್ಲಿಗೇ ನಿಂತೆ. ಅದು ಎಲ್ಲಿತ್ತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅತ್ತೆ ನನ್ನ ತುಟಿಯನ್ನು ಪೂರ್ತಿ ಓದಿದ್ದಳು. "ಅವ್ರು ಕೊಟ್ಟಿದ್ದು ಒಂದ್ ಜೊತೆ. ಮನೇಲಿದ್ದ ಕಿವಿ ನಾಕು" ಎಂದಳು.

"ಇನ್ನೊಂದ್ ಕೇಳ್ಬೋದಾಗಿತ್ತಲ್ಲಾ ಅತ್ತೆ..."

"ಕೇಳಿದ್ರೆ, ಮೊಗಿನ ಇಲ್ಲಿ ಇಟ್ಕಬ್ಯಾಡ, ಊರಿಗ್ ಕಳ್ಸು ಅಂದ್ಬುಟ್ಟಿದ್ರೆ? ನಿನ್ ಓದು?"

ರಕ್ತವಂತೆ ರಕ್ತ! ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದ ನನ್ನ ಈ ಕಿವಿ ಹುಟ್ಟಿನಿಂದ ಬಂದದ್ದಲ್ಲ, ಅವಳು ತನ್ನದನ್ನು ಕೊಟ್ಟು ಉಳಿಸಿದ್ದು. ಬಚ್ಚಲಿಗೂ ಅದನ್ನು ತೊಟ್ಟು ಹೋಗೆಂದು ಬೆನ್ನಿಗೆ ಗುದ್ದಿದಳಲ್ಲ, ಆ ಗುದ್ದುಗಳೆಲ್ಲ ಒಟ್ಟಿಗೆ ನೆನಪಾದವು.

ಅಂಗಡಿಯವನು ಅತ್ತೆಯ ಮುಂದೆ ಟೀ ಬಗ್ಗಿಸಲು ಲೋಟ ಇಟ್ಟ. ಅವಳು ಅಭ್ಯಾಸದಂತೆ ಅದನ್ನೆತ್ತಿ ಮೀಟಿ ಕಿವಿಯ ಬಳಿ ಹಿಡಿದಳು. ಆಮೇಲೆ, ಬದುಕಿನಲ್ಲಿ ಮೊದಲ ಸಲ, ಲೋಟವನ್ನು ನನ್ನ ಕಡೆ ಚಾಚಿದಳು. "ನೀನೇ ಕೇಳಿ ಯೋಳ್ಲಾ."

ನಾನು ಮೀಟಿದೆ. ಟಕ್ ಎಂದಿತು. ಅವಳ ಕಣ್ಣೆದುರು ಬಾಯಗಲಿಸಿ, "ಒಡ್ದದೆ" ಎಂದೆ.

"ಏನ್ ಸಾರ್, ನೀವೂ ಸುರು ಅಚ್ಕಂಡ್ರಾ?" ಎಂದು ಅಂಗಡಿಯವನು ಗೊಣಗಿದ.

ಅತ್ತೆ ಬೆನ್ನು ನೆಟ್ಟಗೆ ಮಾಡಿ, ಬಸ್ಸಿನವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಸುಮ್ನೆ ಬದ್ಲಾಯ್ಸಪ್ಪ. ನಮ್ ಅಳಿಯನ ಕಿವಿ ಅದು. ನಾನ್ ಕಾದಿಟ್ಟಿರೋ ಕಿವಿ."